ಮಾಗಡಿ ಕೆರೆಯ ಏರಿ ಮೇಲೆ

ಗದಗ ಜಿಲ್ಲೆಯ ಮಾಗಡಿಯಲ್ಲಿ ಚಳಿಗಾಲ ಮುಗಿಯುತ್ತಾ ಬಂತೆಂದು ತಿಳಿಯಲು ಪಂಚಾಂಗ ಬೇಕಿಲ್ಲ. ಕೆರೆಯ ಏರಿ ಮೇಲೆ ಕ್ಯಾಮೆರಾಗಳು ಹೆಚ್ಚಿದರೆ ಸಾಕು. ನೆಂಟರು ಹೊರಟು ನಿಂತಾಗಲೇ ಅಲ್ಲವೇ ನಮಗೆ ಗ್ರೂಪ್ ಫೋಟೋ ನೆನಪಾಗುವುದು?

ಇಲ್ಲಿನ ನೆಂಟರು ಪಟ್ಟೆತಲೆ ಹೆಬ್ಬಾತುಗಳು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡುವ ಇವು ಹಿಮಾಲಯ ದಾಟಿ ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಬರುತ್ತವೆ. ಬಿಸಿಲು ಜೋರಾಗುವ ಮಾರ್ಚ್ ಹೊತ್ತಿಗೆ ಗಂಟುಮೂಟೆ ಕಟ್ಟುತ್ತವೆ. ಬಿಳಿ ತಲೆ, ಅದರ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. 2024ರಲ್ಲಿ ಕೆರೆಗೆ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮನ್ನಣೆ ಸಿಕ್ಕಿತು. ಬಾತುಗಳು ಆ ಮನ್ನಣೆಯನ್ನು ಮೊದಲೇ ಕೊಟ್ಟಿದ್ದವು.

ಇವುಗಳದ್ದು ರಾತ್ರಿಪಾಳಿ. ಕತ್ತಲಾದ ಮೇಲೆ ಹೊಲಗಳಿಗೆ ಹೋಗಿ ಮೇಯ್ದು, ಬೆಳಕು ಹರಿಯುವಾಗ ಕೆರೆಗೆ ಮರಳಿ ವಿಶ್ರಮಿಸುತ್ತವೆ. ಏರಿ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನನ್ನ ಟ್ರೈಪಾಡ್ ನೋಡಿ ನಕ್ಕರು: “ರಾತ್ರಿ ನಮ್ಮ ಹೊಲಾ ಮೇಯ್ತಾವ, ಹಗಲು ನಿಮಗ ಫೋಟೋ ಕೊಡ್ತಾವ. ಲುಕ್ಸಾನು ನಮಗ, ಲಾಭ ನಿಮಗ ನೋಡ್ರಿ!”

ಹಾಗೆ ಮರಳುವ ಹೊತ್ತೇ ಚಿತ್ರಕ್ಕೆ ಹೇಳಿ ಮಾಡಿಸಿದ್ದು. ಎತ್ತರದಿಂದ ಬೇಗ ಇಳಿಯಲು ಕೆಲವು ಬಾತುಗಳು ಗಾಳಿಯಲ್ಲೇ ಮೈ ತಿರುಚುತ್ತವೆ. ಕ್ಷಣಕಾಲ ಬೆನ್ನು ಕೆಳಗೆ, ಹೊಟ್ಟೆ ಮೇಲೆ. ತಲೆ ಮಾತ್ರ ನೆಟ್ಟಗೆ! ಕಾಲು ಮುಂದೆ ಚಾಚಿ, ನೀರನ್ನು ಸೀಳಿಕೊಂಡು ಬಂದು ಕೂತ ಮೇಲೆ ಏನೂ ನಡೆದೇ ಇಲ್ಲವೆಂಬಂತೆ ರೆಕ್ಕೆ ಮಡಚುತ್ತವೆ. ಇದನ್ನು ಹಿಡಿಯಲು ಶಟರ್ ವೇಗ ಸೆಕೆಂಡಿನ 1/2000 ಭಾಗವಾದರೂ ಇರಬೇಕು. ಎಕ್ಸ್‌ಪೋಷರ್ ತುಸು ಇಳಿಸದಿದ್ದರೆ ಬಿಳಿ ತಲೆಯಲ್ಲಿ ಗರಿಯ ಎಳೆಯೇ ಉಳಿಯದು. ಬಿಸಿಲೇರಿತೋ, ನೆಲದ ಝಳ ಮೇಲೆದ್ದು ಎಷ್ಟು ದುಬಾರಿ ಲೆನ್ಸ್ ಇದ್ದರೂ ಚಿತ್ರ ಮಸುಕು.

ಆಗ ಶುರುವಾಗುತ್ತದೆ ಅವಸರ. ಹಾರುವ ಚಿತ್ರ ಸಿಗಲಿಲ್ಲವೆಂದು ಒಬ್ಬರು ಚಪ್ಪಾಳೆ ತಟ್ಟುತ್ತಾರೆ, ಇನ್ನೊಬ್ಬರ ಕೈ ಕಲ್ಲು ಹುಡುಕುತ್ತದೆ. ಬಾತುಗಳು ಸುಮ್ಮನೆ ಎದ್ದು ಹಾರುವುದಿಲ್ಲ, ಮೊದಲು ನೋಟಿಸ್ ಕೊಡುತ್ತವೆ. ಮಲಗಿದ್ದವುಗಳಲ್ಲಿ ಒಂದು ಕತ್ತೆತ್ತುತ್ತದೆ, ನೋಡನೋಡುತ್ತಲೇ ಹಿಂಡಿನ ಕತ್ತುಗಳೆಲ್ಲ ನೆಟ್ಟಗಾಗುತ್ತವೆ. ಆಮೇಲೂ ಮುಂದೆ ಹೆಜ್ಜೆಯಿಟ್ಟರೆ ಇಡೀ ಹಿಂಡು ಆಕಾಶಕ್ಕೆ. ನಮಗೆ ಅದು ಹತ್ತು ಲೈಕು. ಹಿಮಾಲಯ ದಾಟಲು ಮೈಯಲ್ಲಿ ಕೊಬ್ಬು ಕೂಡಿಡುತ್ತಿರುವ ಹಕ್ಕಿಗೆ ಪ್ರಯಾಣದ ಬುತ್ತಿಯಲ್ಲೇ ಖೋತಾ.

ಆದ್ದರಿಂದ ಮಾಗಡಿಗೆ ಹೊರಟವರಿಗೆ ಒಂದು ಮಾತು: ಕತ್ತುಗಳು ಎದ್ದವೆಂದರೆ ಇದ್ದಲ್ಲೇ ಕೂತುಬಿಡಿ. ಸಂಜೆ ಮೇವಿಗೆ ಅವು ತಾವಾಗಿಯೇ ಹಾರುತ್ತವೆ. ಅಲ್ಲಿಯವರೆಗೆ ಕಾಯುವ ವ್ಯವಧಾನವಿಲ್ಲದಿದ್ದರೆ ಕ್ಯಾಮೆರಾ ಮನೆಯಲ್ಲೇ ಇರಲಿ, ಬೈನಾಕ್ಯುಲರ್ ತನ್ನಿ.