ವೇದಿಕೆಯ ಮೇಲೆ ಯಾರು ಮೇಲು?

ತಾವು ಮೆಚ್ಚಿದ ಕಲಾವಿದರ ಪರವಾಗಿ ವಾದಿಸುವಾಗ ಮನುಷ್ಯರಲ್ಲಿ ಕಾಣುವ ಹುರುಪು ವಿಚಿತ್ರವಾದುದು. ಆಸ್ತಿಪಾಸ್ತಿಯ ಮಾತು ಬಂದಾಗ ತಲೆತಗ್ಗಿಸಿ ಕುಳಿತಿರುವ ಸಾಧು ಮನುಷ್ಯನೂ ತನ್ನ ನೆಚ್ಚಿನ ಭಾಗವತರನ್ನು ಯಾರಾದರೂ ಎರಡನೆಯ ಸ್ಥಾನಕ್ಕೆ ಇಳಿಸಿದರೆ ಎದ್ದು ನಿಲ್ಲುತ್ತಾನೆ. ಹೆವಿ ಮೆಟಲ್ ಎಂಬ ಪಾಶ್ಚಾತ್ಯ ಸಂಗೀತದ ಅಭಿಮಾನಿಗಳಲ್ಲಿಯೂ ಇಂಥದೇ ಒಂದು ಮುಗಿಯದ ವಾದವಿದೆ. ಯಾವ ತಂಡದ ಹಾಡುಗಳು ಚೆನ್ನ ಎಂಬುದಲ್ಲ ಅದು. ಧ್ವನಿಮುದ್ರಿಕೆಯನ್ನು ಬದಿಗಿಡೋಣ, ಸಾವಿರಾರು ಜನರ ಎದುರು ವೇದಿಕೆಯ ಮೇಲೆ ನಿಂತಾಗ ಯಾವ ತಂಡ ಮೇಲು ಎಂಬ ವಾದ. ಇಂಥ ಪ್ರತ್ಯಕ್ಷ ಗಾಯನಕ್ಕೆ ಅವರು ಬಳಸುವ ಮಾತು ‘ಲೈವ್’, ಅಂದರೆ ಜೀವಂತ.

ಹೆವಿ ಮೆಟಲ್ ಎಂದರೆ ನಮ್ಮ ಅನೇಕ ಹಿರಿಯರಿಗೆ ಮಕ್ಕಳ ಕೋಣೆಯ ಮುಚ್ಚಿದ ಬಾಗಿಲಿನ ಹಿಂದಿನಿಂದ ಬರುವ ಗದ್ದಲ, ಅಷ್ಟೆ. ಗುರುಮಠದಲ್ಲಿ ಗ್ರಿಗೋರಿಯನ್ ಗಾನ ಕಲಿತ ಕಿವಿಗೂ ಅದು ಸುಲಭವಾಗಿ ಒಗ್ಗುವಂಥದಲ್ಲ. ಆದರೂ ಕೆಲವು ತಿಂಗಳ ಹಿಂದೆ ಹಾಸನದ ಕಡೆ ಒಂದು ವಿವಾಹಕ್ಕೆ ಹೋಗಿ ಬರುವಾಗ ನಮ್ಮ ಧರ್ಮಕೇಂದ್ರದ ಇಬ್ಬರು ಗೃಹಸ್ಥರ ಜೊತೆ ಕಾರಿನಲ್ಲಿ ನಾಲ್ಕು ಗಂಟೆ ಕಳೆದ ಮೇಲೆ, ಈ ವಾದವನ್ನು ನಾನು ಹಗುರವಾಗಿ ಕಾಣಲಾರೆ. ಇಬ್ಬರಿಗೂ ನಲವತ್ತು ದಾಟಿದೆ. ಕಿರಿಯರ ಅಕ್ಕನನ್ನು ಹಿರಿಯರು ಮದುವೆಯಾಗಿದ್ದಾರೆ. ಹಿರಿಯರು ಇಂಗ್ಲೆಂಡಿನ ಐರನ್ ಮೇಡನ್ ತಂಡದ ಪಕ್ಷ, ಕಿರಿಯರು ಅಮೆರಿಕದ ಮೆಟಾಲಿಕಾ ಪಕ್ಷ.

“ಭಾವ, ನಿಮ್ಮವರು ಇವತ್ತು ಏನು ಹಾಡುತ್ತಾರೋ ನಾಳೆಯೂ ಅದನ್ನೇ ಹಾಡುತ್ತಾರೆ. ಅದೇ ಸಾಲು, ಅದೇ ಕ್ರಮ.”

“ಹಾಡಲಿ ಬಿಡು. ತಾಳ ತಪ್ಪದೆ ಹಾಡುತ್ತಾರಲ್ಲ! ನಿಮ್ಮ ಡ್ರಮ್ಮಿನವರು ಯಾವಾಗ ಓಡುತ್ತಾರೋ ಯಾವಾಗ ಎಡವುತ್ತಾರೋ ಅವರಿಗೇ ಗೊತ್ತಿಲ್ಲ.”

ಹಿಂದಿನ ಸೀಟಿನಲ್ಲಿದ್ದ ನನಗೆ ಇದು ಹಾಸ್ಯವಾಗಿ ಕಂಡಿತು. ಚನ್ನರಾಯಪಟ್ಟಣ ದಾಟುವ ಹೊತ್ತಿಗೆ ಹಾಗೆ ಕಾಣಲಿಲ್ಲ. ಇಬ್ಬರೂ ತಮಗೆ ಅರಿವಿಲ್ಲದೆಯೇ ಒಂದು ಗಂಭೀರ ಪ್ರಶ್ನೆಯನ್ನು ಎಳೆದಾಡುತ್ತಿದ್ದರು. ಹಾಡನ್ನು ಜನರ ಮುಂದೆ ಹಾಡುವುದೆಂದರೆ ಏನು? ಮೊದಲೇ ಸಿದ್ಧವಾಗಿರುವುದನ್ನು ಕುಂದಿಲ್ಲದೆ ಒಪ್ಪಿಸುವುದೇ? ಅಥವಾ ಆ ರಾತ್ರಿ, ಆ ಜನರೊಂದಿಗೆ ಏನೋ ಒಂದು ಹೊಸದಾಗಿ ಹುಟ್ಟುವುದಕ್ಕೆ ಎಡೆಗೊಡುವುದೇ?

ಈ ವಾದಕ್ಕೆ ಬೆಂಗಳೂರಿನಲ್ಲಿ ಗಟ್ಟಿಯಾದ ನೆಲೆಯಿದೆ. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಅರಮನೆ ಮೈದಾನದಲ್ಲಿ ಹಾಡಿತು. ಆ ಮಟ್ಟದ ಮೆಟಲ್ ತಂಡವೊಂದು ತನ್ನ ಉಚ್ಛ್ರಾಯದಲ್ಲಿ ಭಾರತಕ್ಕೆ ಬರಬಹುದೆಂದು ನಂಬಿದವರು ಅದಕ್ಕೆ ಮೊದಲು ಬಹಳ ಜನ ಇರಲಿಲ್ಲ. ದೇಶದ ಮೂಲೆಮೂಲೆಗಳಿಂದ ಯುವಕರು ರೈಲಿನ ಸಾಮಾನ್ಯ ಬೋಗಿಗಳಲ್ಲಿ ನಿಂತುಕೊಂಡು ಬಂದರಂತೆ. ಹಿರಿಯರು ಅಂದು ಆ ಜನಸಾಗರದಲ್ಲಿದ್ದರು. 2009ರ ಫೆಬ್ರುವರಿಯಲ್ಲಿ ಅದೇ ತಂಡ ಮತ್ತೆ ಬಂದಾಗಲೂ ಇದ್ದರು. ಮೆಟಾಲಿಕಾ ಬಂದದ್ದು 2011ರ ಅಕ್ಟೋಬರ್ 30ರಂದು, ಅದೇ ಮೈದಾನಕ್ಕೆ. ಅದಕ್ಕೆ ಎರಡು ದಿನ ಮೊದಲು ದೆಹಲಿಯ ಪಕ್ಕದ ಗುರುಗ್ರಾಮದಲ್ಲಿ ಏರ್ಪಾಟಾಗಿದ್ದ ಕಾರ್ಯಕ್ರಮ ಕೊನೆಯ ಗಳಿಗೆಯಲ್ಲಿ ರದ್ದಾಗಿ, ರೊಚ್ಚಿಗೆದ್ದ ಜನ ವೇದಿಕೆಯನ್ನೇ ಹಾಳುಗೆಡವಿದ್ದರು. ಹೀಗಾಗಿ ಬೆಂಗಳೂರಿನಲ್ಲಿ ಮೊದಲ ಗಿಟಾರಿನ ದನಿ ಕೇಳುವವರೆಗೂ ಇದು ನಡೆದೀತೆಂಬ ಭರವಸೆ ತಮಗಿರಲಿಲ್ಲವೆಂದು ಕಿರಿಯರು ಹೇಳಿದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಹದಿನಾಲ್ಕು ವರ್ಷಗಳ ಹಿಂದಿನ ಆತಂಕ ಇನ್ನೂ ಇತ್ತು.

ಕಾರಿನಿಂದ ಇಳಿಯುವಾಗ ಕಿರಿಯರು ಒಂದು ಪೆನ್‌ಡ್ರೈವ್ ಕೊಟ್ಟು, “ಫಾದರ್, ನೀವೇ ಕೇಳಿ ತೀರ್ಪು ಕೊಡಿ” ಎಂದರು. ಮರುದಿನ ಹಿರಿಯರೂ ಒಂದನ್ನು ತಂದರು. ಎರಡೂ ಪಕ್ಷಗಳ ಸಾಕ್ಷ್ಯ ಕೈಯಲ್ಲಿದ್ದ ಮೇಲೆ ಕೇಳದೆ ವಿಧಿಯಿಲ್ಲ. ಸುಮಾರು ಒಂದು ತಿಂಗಳು, ರಾತ್ರಿಯ ಊಟವಾದ ನಂತರ ದಿನಕ್ಕೆ ಅರ್ಧ ಗಂಟೆಯಂತೆ ಕೇಳಿದೆ. ಅಡುಗೆಯ ಅಮ್ಮನವರು ಮೊದಲ ವಾರ ಗಾಬರಿಗೊಂಡಿದ್ದರು.

ಐರನ್ ಮೇಡನ್ ತಂಡವನ್ನು ಬಾಸ್ ಗಿಟಾರ್ ನುಡಿಸುವ ಸ್ಟೀವ್ ಹ್ಯಾರಿಸ್ 1975ರ ಕ್ರಿಸ್ಮಸ್ ದಿನ ಲಂಡನ್ನಿನಲ್ಲಿ ಕಟ್ಟಿದರು. ಗಾಯಕ ಬ್ರೂಸ್ ಡಿಕಿನ್ಸನ್ ವಿಮಾನ ಚಾಲಕರೂ ಹೌದು, ತಂಡ ಪ್ರಯಾಣಿಸುವ ವಿಮಾನವನ್ನು ತಾವೇ ನಡೆಸಿದವರು. 2014ರ ಕೊನೆಗೆ ಅವರ ನಾಲಗೆಯ ಬುಡದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡು, ಚಿಕಿತ್ಸೆ ಪಡೆದು, ಮರುವರ್ಷ ಗುಣಮುಖರಾಗಿ ಮತ್ತೆ ಅದೇ ತಾರಸ್ಥಾಯಿಯಲ್ಲಿ ಹಾಡಿದರು. ಈ ತಂಡ ವೇದಿಕೆಯ ಮೇಲೆ ತನ್ನ ಹಾಡುಗಳನ್ನು ಮುದ್ರಿಕೆಗಿಂತ ಕೊಂಚ ಚುರುಕಾಗಿಯೇ ನುಡಿಸುತ್ತದೆ. ನನ್ನನ್ನು ಸೆಳೆದದ್ದು 2001ರ ಜನವರಿಯಲ್ಲಿ ಬ್ರೆಜಿಲ್‌ನ ರಿಯೋ ನಗರದಲ್ಲಿ ಮಾಡಿದ ಧ್ವನಿಮುದ್ರಣ. ಅಂದು ಸುಮಾರು 2.5 ಲಕ್ಷ ಜನ ಸೇರಿದ್ದರೆಂದು ಹೇಳುತ್ತಾರೆ. ‘ಫಿಯರ್ ಆಫ್ ದ ಡಾರ್ಕ್’ ಎಂಬ ಹಾಡಿನ ಆರಂಭದಲ್ಲಿ ಗಿಟಾರ್ ನುಡಿಸುವ ಒಂದು ರಾಗವಿದೆ, ಅದಕ್ಕೆ ಪದಗಳಿಲ್ಲ. ಆ ಪದವಿಲ್ಲದ ರಾಗವನ್ನು ಜನರೆಲ್ಲ ಒಂದೇ ಕಂಠದಲ್ಲಿ ಹಾಡುತ್ತಾರೆ. ಸಂಗೀತಗಾರರು ಒಂದು ಕ್ಷಣ ಪಕ್ಕವಾದ್ಯದವರಾಗಿಬಿಡುತ್ತಾರೆ. ಏಕಕಂಠದಲ್ಲಿ ಹಾಡುವುದು ಎಷ್ಟು ಕಷ್ಟವೆಂದು ಗುರುಮಠದ ಸಂಗೀತದ ಉಪಾಧ್ಯಾಯರು ನಮ್ಮ ನಲವತ್ತು ಮಂದಿಗೆ ವರ್ಷಗಟ್ಟಲೆ ಹೇಳಿಕೊಟ್ಟಿದ್ದರು. ಇಲ್ಲಿ ಲಕ್ಷಾಂತರ ಜನರಿಗೆ ಯಾರೂ ಹೇಳಿಕೊಟ್ಟಿಲ್ಲ.

ಮೆಟಾಲಿಕಾದ ದಾರಿ ಬೇರೆ. ಅವರು ಪ್ರತಿ ರಾತ್ರಿ ಹಾಡುಗಳ ಪಟ್ಟಿಯನ್ನು ಬದಲಿಸುತ್ತಾರೆ. 2023ರಲ್ಲಿ ಆರಂಭಿಸಿದ ಪ್ರವಾಸದಲ್ಲಿ ಅನೇಕ ಊರುಗಳಲ್ಲಿ ಎರಡೆರಡು ರಾತ್ರಿ ಹಾಡಿ, ಮೊದಲ ರಾತ್ರಿಯ ಒಂದು ಹಾಡನ್ನೂ ಎರಡನೆಯ ರಾತ್ರಿ ಮರಳಿ ಹಾಡದ ನಿಯಮವಿಟ್ಟುಕೊಂಡರು. ವೇದಿಕೆ ಮೈದಾನದ ನಡುವೆ ಬಳೆಯಂತೆ, ಅದರ ಒಳಗೂ ಹೊರಗೂ ಜನ. ಸ್ವರವನ್ನು 1990ರ ದಶಕದಿಂದಲೇ ವೇದಿಕೆಯ ಮೇಲೆ ಅರ್ಧ ಶ್ರುತಿ ಇಳಿಸಿಕೊಂಡಿದ್ದಾರೆ. ವಯಸ್ಸಾಗುವ ಕಂಠಕ್ಕೆ ಇದು ನ್ಯಾಯವೆನ್ನುವವರೂ ಮೋಸವೆನ್ನುವವರೂ ಇದ್ದಾರೆ. 1999ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಿಂಫನಿ ವಾದ್ಯವೃಂದದೊಂದಿಗೆ ಅವರು ನುಡಿಸಿದ್ದನ್ನು ಕೇಳಿದಾಗ ಪಿಟೀಲುಗಳೂ ಗಿಟಾರುಗಳೂ ಒಂದನ್ನೊಂದು ಹುಡುಕುತ್ತಿರುವಂತೆ ಕೇಳಿಸಿತು. ಕೆಲವೆಡೆ ಸಿಗುತ್ತವೆ, ಕೆಲವೆಡೆ ಇಲ್ಲ. ತೀರ್ಪು ಕೇಳಿದ್ದರಿಂದ ಹೇಳಬೇಕು: ನನ್ನ ಒಲವು ಮೇಡನ್ ಕಡೆಗೆ. ಜನರನ್ನು ಹಾಡಿಸುವ ಶಕ್ತಿಯನ್ನು ನಾನು ಹೊಸತನಕ್ಕಿಂತ ಮೇಲಿನದೆಂದು ಎಣಿಸುತ್ತೇನೆ. ಹಿರಿಯರು ಸಿಹಿ ಹಂಚಿದರು. ಕಿರಿಯರು, “ಫಾದರ್ ಗಾಯಕವೃಂದದ ಕಿವಿಯಿಂದ ಕೇಳಿದ್ದಾರೆ” ಎಂದು ಮೇಲ್ಮನವಿ ಸಲ್ಲಿಸಿದರು.

ವಾದದ ಇನ್ನೊಂದು ಮಗ್ಗುಲು ಪ್ರಾಮಾಣಿಕತೆಯದು. ಜುದಾಸ್ ಪ್ರೀಸ್ಟ್ ಎಂಬ ಇಂಗ್ಲೆಂಡಿನ ತಂಡ 1979ರಲ್ಲಿ ಜಪಾನಿನ ತನ್ನ ಕಾರ್ಯಕ್ರಮಗಳ ಮುದ್ರಿಕೆಯನ್ನು ಹೊರತಂದಿತು. ಅಭಿಮಾನಿಗಳು ಅದನ್ನು ತಲೆಯ ಮೇಲಿಟ್ಟುಕೊಂಡರು. ಆದರೆ ಅದರಲ್ಲಿನ ತಮ್ಮ ದನಿಯನ್ನು ಆಮೇಲೆ ಸ್ಟುಡಿಯೋದಲ್ಲಿ ಹಾಡಿ ಸೇರಿಸಿದ್ದೆಂದು ಗಾಯಕ ರಾಬ್ ಹಾಲ್ಫರ್ಡ್ ಮುಂದೆ ಒಪ್ಪಿಕೊಂಡರು. ಇತ್ತೀಚೆಗಂತೂ ಮೇಳವಾದ್ಯ, ವೃಂದಗಾನ ಎಲ್ಲವನ್ನೂ ಕಂಪ್ಯೂಟರಿನಲ್ಲಿ ತುಂಬಿಕೊಂಡು ಬರುವ ತಂಡಗಳಿವೆ. ಈ ವಿಷಯ ಬಂದಾಗ ಮಾತ್ರ ನನ್ನ ಇಬ್ಬರು ಸಹಪ್ರಯಾಣಿಕರೂ ಒಂದಾಗಿಬಿಟ್ಟರು. ತಪ್ಪಿದರೆ ಅವರೇ ತಪ್ಪಲಿ, ಸರಿಯಾದರೂ ಅವರದೇ ಆಗಲಿ ಎಂಬುದು ಅವರ ನಿಲುವು.

ಇದರ ಫಲವನ್ನು ನಾನು ಉಂಡೆ. ಕ್ರಿಸ್ಮಸ್ ನಡುರಾತ್ರಿಯ ಬಲಿಪೂಜೆಗೆ ನಮ್ಮಲ್ಲಿ ತಬಲದವರೂ ಕೀಬೋರ್ಡಿನವರೂ ಸಿಗದಂತಾದಾಗ, ಮುದ್ರಿತ ವಾದ್ಯಸಂಗೀತವನ್ನು ಹಾಕಿಕೊಂಡು ಹಾಡೋಣವೆಂಬ ಸಲಹೆ ಗಾಯಕವೃಂದದಿಂದ ಬಂದಿತು. ಗ್ರಾಮೊಫೋನಿನಂಥ ಯಂತ್ರಗಳು ಆರಾಧನೆಯಲ್ಲಿ ಹಾಡುವವರ ಸ್ಥಾನವನ್ನು ಹಿಡಿಯಕೂಡದೆಂದು 1958ರಲ್ಲಿಯೇ ರೋಮಿನಿಂದ ನಿರ್ದೇಶನ ಬಂದಿತ್ತು. ಅದನ್ನು ನಾನು ವಿವರಿಸುವ ಮೊದಲೇ ಈ ಇಬ್ಬರು ಸಭೆಯಲ್ಲಿ ಎದ್ದು ನಿಂತಿದ್ದರು. ಕೊನೆಗೆ ಹಳೆಯ ಹಾರ್ಮೋನಿಯಂ ಒಂದನ್ನೇ ನೆಚ್ಚಿ ಹಾಡಿದೆವು. ಎರಡನೆಯ ಗೀತೆಯ ಶ್ರುತಿ ತುಸು ಏರಿ ಹೆಂಗಸರು ಬೆವರಿದರು. ಮೆಟಲ್ ಅಭಿಮಾನಿಗಳು ಧರ್ಮಸಭೆಯ ನಿಯಮವನ್ನು ಕಾಪಾಡಿದ ಆ ದಿನವನ್ನು ನಾನು ಬಿಷಪರಿಗೂ ಹೇಳಿ ನಗಿಸಿದ್ದೇನೆ.

ನಗುವಿನ ನಡುವೆ, ಈ ಸಂಗೀತ ಸೈತಾನನದಲ್ಲವೇ ಎಂದು ಕೇಳುವ ತಾಯಂದಿರಿಗೆ ಒಂದೆರಡು ಮಾತು. ಅದರ ಹಾಡುಗಳೆಲ್ಲವನ್ನೂ ನಾನು ಸಮರ್ಥಿಸಲಾರೆ. ಪವಿತ್ರವಾದುದನ್ನು ಹೀಯಾಳಿಸುವ ಹಾಡುಗಳು ಅದರಲ್ಲಿವೆ, ಅವನ್ನು ಕೇಳುವ ಅಗತ್ಯವೂ ಇಲ್ಲ. ಆದರೆ ಇಟಲಿಯ ಕಪುಚಿನ್ ಸನ್ಯಾಸಿ ಚೆಸಾರೆ ಬೊನಿತ್ಸಿ ಮೆಟಾಲಿಕಾದ ಕಾರ್ಯಕ್ರಮ ಕಂಡು ಬೆರಗಾಗಿ ತಾವೇ ಒಂದು ತಂಡ ಕಟ್ಟಿ, 2008ರಲ್ಲಿ ಕಂದು ಬಣ್ಣದ ಸಭಾವಸ್ತ್ರದಲ್ಲಿಯೇ ತಮ್ಮ ದೇಶದ ದೊಡ್ಡ ಮೆಟಲ್ ಉತ್ಸವದಲ್ಲಿ ಹಾಡಿದರು ಎಂಬುದೂ ನಿಜ. ನನಗೆ ಹೆಚ್ಚು ಚಿಂತೆಯಿರುವುದು ಕಿವಿಗಳ ಬಗ್ಗೆ. ಅತಿ ಗಟ್ಟಿಯಾಗಿ ನುಡಿಸಿದ ತಂಡವೇ ಶ್ರೇಷ್ಠವೆಂಬ ಹಳೆಯ ಪೈಪೋಟಿಯೊಂದಿತ್ತು. ಕಿವಿಗೆ ಹಾನಿಯೆಂದು ಗಿನ್ನೆಸ್ ದಾಖಲೆಯವರೇ ಆ ವಿಭಾಗವನ್ನು ಕೈಬಿಟ್ಟರು. ಕಾರ್ಯಕ್ರಮಗಳಲ್ಲಿ ಶಬ್ದದ ಸರಾಸರಿ ಮಟ್ಟ 100 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಹೊರಡಿಸಿದೆ. ಮಕ್ಕಳು ಹೋಗುವುದಾದರೆ ಕಿವಿಗೆ ಇಡುವ ಬಿರಡೆಗಳನ್ನು ಕೊಟ್ಟು ಕಳುಹಿಸಿ.

ಈಗ ಇವರೆಲ್ಲರ ಮೂಲಪುರುಷರ ಮಾತು. ಬ್ಲ್ಯಾಕ್ ಸಬ್ಬತ್ ತಂಡ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ 1968ರಲ್ಲಿ ಹುಟ್ಟಿತು. ಗಿಟಾರ್ ನುಡಿಸುವ ಟೋನಿ ಅಯೋಮಿ ಹದಿನೇಳರ ಪ್ರಾಯದಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ, ಕೆಲಸದ ಕೊನೆಯ ದಿನವೇ, ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡರು. ಪ್ಲಾಸ್ಟಿಕ್ ಶೀಸೆ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಮುಂದೆ ನೋವು ತಪ್ಪಿಸಲು ತಂತಿಗಳನ್ನು ಸಡಿಲಿಸಿದರು. ಈ ಸಂಗೀತದ ಆ ಭಾರವಾದ ದನಿ ಬಹುಮಟ್ಟಿಗೆ ಹೀಗೆ ಬಂದದ್ದು. ಬಾಸ್ ನುಡಿಸುವ ಗೀಜರ್ ಬಟ್ಲರ್ ಐರಿಷ್ ಕಥೋಲಿಕ ಮನೆಯ ಮಗ. ತಂಡದವರು ಕೊರಳಲ್ಲಿ ತೊಟ್ಟ ಲೋಹದ ಶಿಲುಬೆಗಳನ್ನು ಮಾಡಿಕೊಟ್ಟವರು ಗಾಯಕ ಓಝಿ ಆಸ್‌ಬರ್ನ್ ಅವರ ತಂದೆ, ತಾವು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ.

2025ರ ಜುಲೈ 5ರಂದು ಅದೇ ಆಸ್ಟನ್ನಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಅವರ ಕೊನೆಯ ಕಾರ್ಯಕ್ರಮ ನಡೆಯಿತು. ಮೆಟಾಲಿಕಾ, ಸ್ಲೇಯರ್ ಮೊದಲಾದ ತಂಡಗಳು ಬಂದು ಹಿರಿಯರ ಹಾಡುಗಳನ್ನೂ ಹಾಡಿದವು. ಆದಾಯ ಪಾರ್ಕಿನ್ಸನ್ ರೋಗದ ಸಂಶೋಧನೆಗೆ, ಮಕ್ಕಳ ಆಸ್ಪತ್ರೆಗೆ, ಮಕ್ಕಳ ಉಪಶಮನ ಗೃಹಕ್ಕೆ ಮೀಸಲು. ಪಾರ್ಕಿನ್ಸನ್ ರೋಗದಿಂದ ನಡೆಯಲಾರದ ಓಝಿ ಕಪ್ಪು ಸಿಂಹಾಸನವೊಂದರಲ್ಲಿ ಕುಳಿತೇ ಹಾಡಿದರು. ತಂಡದ ಮೂಲ ನಾಲ್ವರು ಇಪ್ಪತ್ತು ವರ್ಷಗಳ ನಂತರ ಒಟ್ಟಿಗೆ ನುಡಿಸಿದ್ದು ನಾಲ್ಕೇ ಹಾಡು. ಹದಿನೇಳು ದಿನಗಳ ನಂತರ, ಜುಲೈ 22ರಂದು, ಓಝಿ ತಮ್ಮ 76ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ಕಾರ್ಯಕ್ರಮದ ತುಣುಕುಗಳನ್ನು ನಾವು ಮೂವರೂ ಗುರುನಿವಾಸದ ವರಾಂಡದಲ್ಲಿ ಕುಳಿತು ನೋಡಿದೆವು. ಕುಂದಿಲ್ಲದ ಗಾಯನವೇ ಅಳತೆಗೋಲಾದರೆ ಅದು ಸೋತ ಹಾಡುಗಾರಿಕೆ. ದನಿ ಅಲ್ಲಲ್ಲಿ ಒಡೆಯುತ್ತದೆ, ಸ್ವರ ಕೈಗೆ ಸಿಗದೆ ಜಾರುತ್ತದೆ. ಕುಳಿತಲ್ಲಿಂದ ಏಳಲು ಯತ್ನಿಸಿ ಏಳಲಾರದೆ ತೋಳುಗಳನ್ನು ಮಾತ್ರ ಮೇಲೆತ್ತುತ್ತಾರೆ. ಕ್ರೀಡಾಂಗಣದಲ್ಲಿ ಗಡ್ಡ ನರೆತ ಗಂಡಸರು ಅಳುತ್ತ ಹಾಡುತ್ತಿದ್ದಾರೆ. ಅವರ ದನಿ ಜಾರಿದಲ್ಲೆಲ್ಲ ಜನ ಅದನ್ನು ಎತ್ತಿಕೊಳ್ಳುತ್ತಾರೆ. ತಾಳ ತಪ್ಪಬಾರದೆಂದು ವರ್ಷಗಟ್ಟಲೆ ವಾದಿಸಿದ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ರೋಗಿಗಳ ಅಭ್ಯಂಗಕ್ಕೆಂದು ಎಷ್ಟೋ ಮನೆಗಳಿಗೆ ಹೋಗುವ ನಾನು, ಆ ಕಾಯಿಲೆಯ ಕೈಗಳು ಹೇಗಿರುತ್ತವೆಂದು ಬಲ್ಲೆ. ನನಗೂ ಮಾತು ಹೊರಡಲಿಲ್ಲ.

“ಇದನ್ನು ಎಲ್ಲಿಡುತ್ತೀರಿ, ಭಾವ? ನಿಮ್ಮ ಪಟ್ಟಿಯಲ್ಲಿ?” ಎಂದು ಕಿರಿಯರು ಮೆಲ್ಲನೆ ಕೇಳಿದರು.

“ಇದನ್ನು ಪಟ್ಟಿಗೆ ತರಬೇಡ ಮಾರಾಯ” ಎಂದರು ಹಿರಿಯರು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅಡುಗೆಯ ಅಮ್ಮನವರು ಕಾಫಿ ತಂದಿಟ್ಟರು. ಲೋಟ ಕೈಗೆತ್ತಿಕೊಳ್ಳುತ್ತ ಕಿರಿಯರು, ಅಂದು ಮೆಟಾಲಿಕಾದವರು ನುಡಿಸಿದಷ್ಟು ಬಿಗಿಯಾಗಿ ಬೇರೆ ಯಾರೂ ನುಡಿಸಲಿಲ್ಲವಲ್ಲ ಎಂದರು. ಹಿರಿಯರು ಲೋಟವನ್ನು ಕೆಳಗಿಟ್ಟು, “ಆ ಡ್ರಮ್ಮು ಕೇಳಿದೆಯಾ ನೀನು, ಸರಿಯಾಗಿ?” ಎಂದು ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡರು.