ಕೆಲಸಕ್ಕೆ ಹಚ್ಚಿದ ಗುರುಗಳು

ಕಣ್ಣಿಲ್ಲದ ಮಗು ಹುಟ್ಟಿದರೆ ಹಾನಗಲ್ಲ ಸೀಮೆಯ ಬಡ ಮನೆಗಳಲ್ಲಿ ನೂರು ವರ್ಷಕ್ಕೂ ಹಿಂದೆ ಹೆಚ್ಚು ಯೋಚನೆ ಮಾಡುವ ಪ್ರಮೇಯವೇ ಇರಲಿಲ್ಲ. ಇದ್ದರೆ ಮನೆಯ ಮೂಲೆ, ಇಲ್ಲದಿದ್ದರೆ ಊರೂರು ತಿರುಗಿ ಭಿಕ್ಷೆ. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೂ ಅವನ ಒಡಹುಟ್ಟಿದ ಗುರುಬಸಯ್ಯನಿಗೂ ಹಣೆಯಲ್ಲಿ ಬರೆದದ್ದು ಅಷ್ಟೇ ಎಂದು ಊರು ತೀರ್ಮಾನಿಸಿರಬೇಕು. ಆದರೆ ಇಬ್ಬರಿಗೂ ಒಳ್ಳೆಯ ಕಂಠ ಇತ್ತು. ಅದು ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳ ಕಿವಿಗೆ ಬಿತ್ತು.

ಇಲ್ಲಿಂದ ಮುಂದೆ ಪವಾಡದ ಕಥೆ ಹೇಳುವುದು ಸುಲಭ. ಸ್ವಾಮಿಗಳು ತಲೆಯ ಮೇಲೆ ಕೈಯಿಟ್ಟರು, ಹುಡುಗ ಗಾಯಕನಾದ ಎಂದರೆ ಮುಗಿಯಿತು. ನಡೆದದ್ದು ಹಾಗಲ್ಲ. ಸ್ವಾಮಿಗಳು ಹುಡುಗರನ್ನು ಸಂಗೀತಕ್ಕೆ ಹಾಕಿದರು. ವರ್ಷಗಟ್ಟಲೆ ಅನ್ನ, ವಸತಿ, ಮೇಷ್ಟ್ರ ವ್ಯವಸ್ಥೆ ಮಾಡಿದರು. ಗದಿಗೆಯ್ಯ ಮೊದಲು ಕರ್ನಾಟಕ ಸಂಗೀತ ಕಲಿತ, ಆಮೇಲೆ ನೀಲಕಂಠಬುವಾ ಮಿರಜಕರ ಅವರಂಥವರ ಬಳಿ ಹಿಂದುಸ್ತಾನಿಯನ್ನೂ ಕಲಿತು ಪಂಚಾಕ್ಷರಿ ಗವಾಯಿ ಆದ. ಕಣ್ಣು ಮಾತ್ರ ಬರಲಿಲ್ಲ. ಬರುತ್ತದೆಂದು ಯಾರೂ ಹೇಳಿರಲೂ ಇಲ್ಲ. ಭಕ್ತರು ಗುರುವಿನಿಂದ ಬಯಸುವುದು ಒಂದು, ಒಳ್ಳೆಯ ಗುರು ಕೊಡುವುದು ಇನ್ನೊಂದು ಎಂಬುದಕ್ಕೆ ಹಾನಗಲ್ಲಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಹುಡುಕಬೇಕಾಗಿಲ್ಲ.

1867ರಲ್ಲಿ ಜೋಯಿಸರಹರಳಹಳ್ಳಿಯಲ್ಲಿ ಹುಟ್ಟಿದ ಕುಮಾರಸ್ವಾಮಿಗಳು ಸನ್ಯಾಸಕ್ಕೆ ಬರುವ ಮುಂಚೆ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವರು. ಮೇಷ್ಟ್ರತನ ಕಾವಿ ಉಟ್ಟ ಮೇಲೂ ಅವರನ್ನು ಬಿಡಲಿಲ್ಲ. 1904ರಲ್ಲಿ ವೀರಶೈವ ಮಹಾಸಭೆ ಕಟ್ಟಿದರು, 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಗೆ ಶಿವಯೋಗ ಮಂದಿರ ಕಟ್ಟಿದರು. ಮಂದಿರದ ಉದ್ದೇಶ ಗಮನಿಸುವಂಥದ್ದು. ಮಠದ ಪಟ್ಟಕ್ಕೆ ಬರುವ ಮರಿಸ್ವಾಮಿಗಳು ಓದು, ಯೋಗ, ನಡತೆ ಕಲಿತು ಬರಲಿ ಎಂಬ ಹಟ ಅದರ ಹಿಂದೆ ಇತ್ತು. ಜನ ಸ್ವಾಮಿಗಳ ಪಾದ ಮುಟ್ಟುವ ಮೊದಲು ಸ್ವಾಮಿಗಳೇ ತಯಾರಾಗಿರಬೇಕು ಎಂದು ಯೋಚಿಸಿದವರು ಕಡಿಮೆ.

ಪಂಚಾಕ್ಷರಿ ಗವಾಯಿಗಳು ಕಲಿತದ್ದನ್ನು ಕಟ್ಟಿಟ್ಟುಕೊಳ್ಳಲಿಲ್ಲ. ಕುರುಡರು, ಬಡವರು, ದಿಕ್ಕಿಲ್ಲದ ಹುಡುಗರು ಸೇರಿದ ಅವರ ಪಾಠಶಾಲೆ ಊರಿಂದ ಊರಿಗೆ ಸಂಚಾರ ಮಾಡಿತು. ಅಷ್ಟು ಹೊಟ್ಟೆಗಳಿಗೆ ಜೋಳ ಎಲ್ಲಿಂದ ಬರಬೇಕು? ನಾಟಕ ಕಂಪನಿ ಕಟ್ಟಿದರು. ಕೊನೆಗೆ ಗದುಗಿನಲ್ಲಿ ನೆಲೆ ಸಿಕ್ಕಿ ವೀರೇಶ್ವರ ಪುಣ್ಯಾಶ್ರಮವಾಯಿತು. 1914ರಲ್ಲಿ ಇದೇ ಹಾನಗಲ್ಲ ತಾಲ್ಲೂಕಿನಲ್ಲಿ ಹುಟ್ಟಿ, ಕೂಸಾಗಿರುವಾಗಲೇ ಕಣ್ಣು ಕಳಕೊಂಡ ಪುಟ್ಟರಾಜನನ್ನು ಸೋದರಮಾವ ತಂದು ಒಪ್ಪಿಸಿದ್ದು ಇವರ ಕೈಗೆ. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಹೊಣೆ ಮೂವತ್ತರ ಪುಟ್ಟರಾಜರ ಹೆಗಲಿಗೆ ಬಂತು. 2010ರ ಸೆಪ್ಟೆಂಬರ್ 17ರ ತನಕ, ಅಂದರೆ ಅರವತ್ತಾರು ವರ್ಷ, ಅವರು ಅದನ್ನು ಇಳಿಸಲಿಲ್ಲ. ಹಾರ್ಮೋನಿಯಂ, ಸಾರಂಗಿ, ಪಿಟೀಲು, ತಬಲಾ ಎನ್ನದೆ ನುಡಿಸಿದರು; ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದರು. ಹನ್ನೆರಡರ ವಯಸ್ಸಿಗೆ ಆಶ್ರಮ ಸೇರಿದ ಬಳ್ಳಾರಿ ಕಡೆಯ ಹುಡುಗನೊಬ್ಬ ಮುಂದೆ ಪಂಡಿತ ವೆಂಕಟೇಶಕುಮಾರ್ ಆದದ್ದು ಅಲ್ಲೇ. ಭಕ್ತರು ತಾವು ಅಜ್ಜಾರು ಎನ್ನುತ್ತಿದ್ದ ಪುಟ್ಟರಾಜರನ್ನು ನಾಣ್ಯಗಳಲ್ಲಿ ತುಲಾಭಾರ ಮಾಡುತ್ತಿದ್ದರು. ಆ ದುಡ್ಡು ಹುಡುಗರ ಊಟಕ್ಕೆ ಹೋಗುತ್ತಿತ್ತು. ಪದ್ಮಭೂಷಣ ಬಂದದ್ದು 2010ರಲ್ಲಿ, ತೊಂಬತ್ತಾರರ ಅಂಚಿನಲ್ಲಿ. ಸರ್ಕಾರದ ಗಡಿಯಾರ ನಿಧಾನ.

ಹಾನಗಲ್ಲಿನಿಂದ ಶಿಗ್ಗಾಂವಿಯ ಕಡೆ ತಿರುಗಿದರೆ ಗುರುವಿನ ಚಹರೆಯೇ ಬೇರೆ. ಶಿಶುನಾಳದ ಶರೀಫರು 1819ರಲ್ಲಿ ಹುಟ್ಟಿದ್ದು ಹುಲಗೂರ ದರ್ಗಾಕ್ಕೆ ನಡೆದುಕೊಳ್ಳುವ ಮುಸ್ಲಿಂ ಮನೆಯಲ್ಲಿ. ಗುರುವಾಗಿ ಸಿಕ್ಕವರು ಕಳಸದ ಗೋವಿಂದಭಟ್ಟರು. ಭಟ್ಟರಿಗೆ ಮಠವಿಲ್ಲ, ಪೀಠವಿಲ್ಲ, ಮಡಿಯ ಗೊಡವೆಯೂ ಇಲ್ಲ. ನಿನ್ನಪ್ಪ ಯಾರು ಎಂದು ಭಟ್ಟರು ಕೇಳಿದರಂತೆ, ನಿಮ್ಮಪ್ಪ ಯಾರೋ ನಮ್ಮಪ್ಪನೂ ಅವನೇ ಎಂದು ಹುಡುಗ ಅಂದನಂತೆ. ಜನ ಈ ಕಥೆಯನ್ನು ಉತ್ತರದ ಜಾಣತನಕ್ಕಾಗಿ ಹೇಳುತ್ತಾರೆ. ಆ ಉತ್ತರಕ್ಕೆ ಸಿಟ್ಟಾಗದ ಹಿರಿಯನೊಬ್ಬ ಎದುರಿಗಿದ್ದ ಎಂಬುದನ್ನು ಮರೆಯುತ್ತಾರೆ. ಬೇರೆ ಯಾರೇ ಆಗಿದ್ದರೂ ಹುಡುಗನ ಕಪಾಳಕ್ಕೆ ಬಿದ್ದಿರುತ್ತಿತ್ತು, ಕನ್ನಡಕ್ಕೆ ಒಬ್ಬ ಕವಿ ತಪ್ಪುತ್ತಿದ್ದ.

ಇಬ್ಬರೂ ಕೂಡಿ ಉಂಡರು, ಕೂಡಿ ತಿರುಗಿದರು. ಎರಡೂ ಕಡೆಯವರ ಬೈಗುಳವನ್ನೂ ಕೂಡಿಯೇ ತಿಂದರು. ಕೆಲಕಾಲ ಶಾಲೆಯ ಮಾಸ್ತರಿಕೆ ಮಾಡಿ ಬಿಟ್ಟ ಶರೀಫರಿಗೆ ಮನೆಯಲ್ಲಿ ಸಾವು, ಕೈಯಲ್ಲಿ ಬಡತನ ತಪ್ಪಲಿಲ್ಲ. ಆದರೆ ಸೋರುವ ಮಾಳಿಗೆಯನ್ನೂ ಊರ ಮುದುಕಿಯನ್ನೂ ಪದವಾಗಿಸುವ ಕಣ್ಣು ಬಂತು. 1990ರಲ್ಲಿ ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದಾಗ ಗೋವಿಂದಭಟ್ಟರಾದವರು ಗಿರೀಶ ಕಾರ್ನಾಡ. ಸಿ. ಅಶ್ವತ್ಥ್ ದನಿಯಲ್ಲಿ ಆ ಪದಗಳು ಬೆಂಗಳೂರಿನ ಹಾಲ್‌ಗಳನ್ನೂ ತಲುಪಿದವು. ಶಿಶುನಾಳದ ಗದ್ದುಗೆಗೆ ಇವತ್ತೂ ಕಾಯಿ ಒಡೆಸುವವರು ಬರುತ್ತಾರೆ, ಸಕ್ಕರೆ ಓದಿಸುವವರೂ ಬರುತ್ತಾರೆ.

ಅದೇ ತಾಲ್ಲೂಕಿನ ಬಾಡದವರು ಕನಕದಾಸರು. ಬಂಕಾಪುರ ಪ್ರಾಂತ್ಯದ ಡಣ್ಣಾಯಕನ ಮಗ, ಕುರುಬರ ಹುಡುಗ. ಗುರು ವ್ಯಾಸರಾಯರು ಕೊಟ್ಟ ಬಾಳೆಹಣ್ಣಿನ ಕಥೆ ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠ: ಯಾರೂ ಕಾಣದ ಜಾಗದಲ್ಲಿ ತಿನ್ನಿ ಎಂದರೆ ಉಳಿದವರೆಲ್ಲ ತಿಂದು ಬಂದರು, ದೇವರು ಕಾಣದ ಜಾಗ ಸಿಗಲಿಲ್ಲವೆಂದು ಕನಕ ಹಣ್ಣನ್ನು ವಾಪಸು ತಂದ. ಕಥೆ ನಿಜವೋ ಕಟ್ಟಿದ್ದೋ, ಅದರಲ್ಲಿ ಗುರುವಿನ ನಡೆ ಚೆಂದ. ಕನಕನನ್ನು ಪಕ್ಕಕ್ಕೆ ಕೂರಿಸಿಕೊಂಡದ್ದಕ್ಕೆ ಗೊಣಗುತ್ತಿದ್ದ ಶಿಷ್ಯರಿಗೆ ವ್ಯಾಸರಾಯರು ಉಪದೇಶ ಮಾಡಲಿಲ್ಲ. ಎಲ್ಲರಿಗೂ ಒಂದೇ ಪರೀಕ್ಷೆ ಇಟ್ಟು ಫಲಿತಾಂಶವನ್ನು ಎಲ್ಲರ ಎದುರಿಗೇ ಹೊರಬೀಳಿಸಿದರು.

ಕನಕರ ದೇವರೂ ಇದೇ ಜಾಡಿನವನು. ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಮೇಲುಕೀಳಿನ ಜಗಳ ಹತ್ತಿದಾಗ ರಾಮ ಕುಳಿತಲ್ಲೇ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಭತ್ತ ಕಂದುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ವರ ಕೇಳಿದ ತಕ್ಷಣ ತಥಾಸ್ತು ಎನ್ನುವ ದೇವರಿಗಿಂತ ಆರು ತಿಂಗಳು ಕಾಯಿಸುವ ಈ ರಾಮನೇ ಮನುಷ್ಯರನ್ನು ಹದಕ್ಕೆ ತರುವವನು. ಕನಕರು ಪದಗಳ ಅಂಕಿತಕ್ಕೆ ದೂರದ ಕ್ಷೇತ್ರದ ಹೆಸರು ತರಲಿಲ್ಲ, ಕಾಗಿನೆಲೆಯ ಆದಿಕೇಶವನನ್ನೇ ಇಟ್ಟುಕೊಂಡರು. ಶರೀಫರಿಗೆ ಶಿಶುನಾಳಧೀಶ. ದಿನಾ ಎದುರಾಗುವ ಊರ ದೇವರ ಮುಂದೆ ಸುಳ್ಳು ಹೇಳುವುದು ಕಷ್ಟ.

ಬಂಕಾಪುರಕ್ಕೆ ಇನ್ನೂ ಹಳೆಯ ಗುರುಪರಂಪರೆಯಿದೆ. ಹತ್ತನೆಯ ಶತಮಾನದಲ್ಲಿ ಗಂಗರ ದೊರೆ ಮಾರಸಿಂಹ ರಾಜ್ಯ ಬಿಟ್ಟು ಬಂದು ಸಲ್ಲೇಖನ ವ್ರತದಿಂದ ಪ್ರಾಣಬಿಟ್ಟದ್ದು ಇಲ್ಲಿ, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ. ಮುಧೋಳದ ಬಳೆಗಾರರ ಮನೆಯ ರನ್ನನಿಗೂ ಅವರೇ ಗುರು. ಒಬ್ಬನಿಗೆ ಬಿಡುವುದನ್ನು ಕಲಿಸಿದ ಗುರು ಇನ್ನೊಬ್ಬನಿಗೆ ಬರೆಯುವುದನ್ನು ಕಲಿಸಿದರು.

ಸವಣೂರು ನವಾಬರ ಊರು. ಉತ್ತರಾದಿ ಮಠದ ಸತ್ಯಬೋಧ ತೀರ್ಥರು 1783ರಲ್ಲಿ ಬೃಂದಾವನಸ್ಥರಾದದ್ದು ಈ ಊರಲ್ಲೇ. 1909ರಲ್ಲಿ ಇಲ್ಲಿ ಹುಟ್ಟಿದ ವಿ.ಕೃ. ಗೋಕಾಕರಿಗೆ ಧಾರವಾಡದಲ್ಲಿ ಬೇಂದ್ರೆ ಕಾವ್ಯದ ಹಾದಿ ತೋರಿಸಿದರು, ಅರವಿಂದರು ಚಿಂತನೆ ಕೊಟ್ಟರು, ಕಡೆಗೆ ಮನಸ್ಸು ಪುಟ್ಟಪರ್ತಿಯ ಸಾಯಿಬಾಬಾರ ಕಡೆ ವಾಲಿತು. ಕನ್ನಡದ ಸ್ಥಾನಮಾನದ ಬಗ್ಗೆ ಅವರ ಸಮಿತಿ ವರದಿ ಕೊಟ್ಟ 1981ರಲ್ಲೇ ಅವರು ಪುಟ್ಟಪರ್ತಿಯ ವಿದ್ಯಾಸಂಸ್ಥೆಯ ಮೊದಲ ಕುಲಪತಿಯಾದರು. ಆಕ್ಸ್‌ಫರ್ಡಿನಲ್ಲಿ ಓದಿದ ವಿದ್ವಾಂಸ ಬಾಬಾರ ಮುಂದೆ ಕೈಕಟ್ಟಿದ್ದು ಅನೇಕರಿಗೆ ಹಿಡಿಸಲಿಲ್ಲ. ಹಿಡಿಸಬೇಕೆಂದೇನೂ ಇಲ್ಲ. ಒಂದೇ ಬಾಳಿಗೆ ಹಲವು ಗುರುಗಳು ಬೇಕಾಗಬಹುದು ಎಂಬುದಂತೂ ಅವರ ಬಾಳಿನಲ್ಲಿ ಕಾಣುತ್ತದೆ.

ಹಿರೇಕೆರೂರಿನ ಆಬಲೂರಿಗೆ ಬಂದರೆ ಕಹಿಯೂ ಸಿಗುತ್ತದೆ. ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಶಾಸನವಿದೆ, ಶಿಲ್ಪಗಳಿವೆ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ ತಲೆ ಕತ್ತರಿಸಿಕೊಂಡು ಮತ್ತೆ ಪಡೆದನೆಂದೂ ಬಸದಿಯ ಜಿನ ಮೂರ್ತಿ ಉರುಳಿತೆಂದೂ ಅವು ಹೇಳುತ್ತವೆ. ದೇವರ ಹೆಸರಲ್ಲಿ ಜನ ಬೆಳೆದಷ್ಟೇ ಬಡಿದಾಡಿದ್ದೂ ಉಂಟು. ಅದನ್ನು ಕಲ್ಲಿನಲ್ಲೇ ಕೆತ್ತಿಟ್ಟಿರುವಾಗ ಮುಚ್ಚುವುದಾದರೂ ಹೇಗೆ?

ಆಬಲೂರು, ಮಾಸೂರುಗಳ ಇದೇ ನೆಲದವನು ಸರ್ವಜ್ಞ ಎಂದು ಪ್ರತೀತಿ. ಗುರುವನ್ನು ಅಷ್ಟು ಹೊಗಳಿ, ಕಳ್ಳ ಗುರುಗಳನ್ನು ಅಷ್ಟು ಬೈದ ಆತ ಮಠ ಕಟ್ಟಲಿಲ್ಲ, ಶಿಷ್ಯರನ್ನು ನೇಮಿಸಲಿಲ್ಲ, ಅಂಕಿತಕ್ಕೆ ತನ್ನ ಹೆಸರನ್ನೇ ಇಟ್ಟುಕೊಂಡ. ಬಾಯಿಂದ ಬಾಯಿಗೆ ಹರಿದು ಚದುರಿಹೋಗಿದ್ದ ಆತನ ತ್ರಿಪದಿಗಳನ್ನು ಕೂಡಿಸಿ, ಶೋಧಿಸಿ 1924ರಲ್ಲಿ ಪುಸ್ತಕ ತಂದವರು ಉತ್ತಂಗಿ ಚನ್ನಪ್ಪ, ಒಬ್ಬ ಕ್ರೈಸ್ತ ಪಾದ್ರಿ. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಇಂದು ಗುರುವಂದನೆಯ ವೇದಿಕೆಗಳಲ್ಲಿ ಸರ್ವಜ್ಞನ ಮಾತು ಹೇಳಿ ಚಪ್ಪಾಳೆ ಗಿಟ್ಟಿಸುವವರು ಆ ಪಾದ್ರಿಯ ಹೆಸರನ್ನೂ ಒಮ್ಮೆ ಹೇಳಲಿ.