ಅಪ್ಪನ ಬಾಡಿಗೆ ಮನೆ

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಕೆಲಸ, ರಿಲೀಸು, ಅದೇ ಹಳೇ ನೆಪಗಳು. ಆದರೆ ಮೊನ್ನೆ ಊರಿಗೆ ಹೋಗಿ ಬಂದ ಮೇಲೆ ಬರೆಯದೆ ಇರಲು ಆಗುತ್ತಿಲ್ಲ.

ನಮ್ಮೂರು ಬಸವಕಲ್ಯಾಣ. ಅಪ್ಪ ಖಾಸಗಿ ಶಾಲೆಯಲ್ಲಿ ಮಾಸ್ತರಾಗಿದ್ದವರು, ಪಿಂಚಣಿ ಇಲ್ಲ. ನಿವೃತ್ತಿಯಲ್ಲಿ ಬಂದ ದುಡ್ಡಿಗೆ ಹುಮನಾಬಾದಿನಲ್ಲಿ ಚಿಕ್ಕ ಮನೆಯೊಂದನ್ನು ಕೊಂಡರು. ಅಲ್ಲಿ ಹೆದ್ದಾರಿ ಇದೆ, ಕೈಗಾರಿಕಾ ಪ್ರದೇಶ ಇದೆ, 2017ರಿಂದ ಬೀದರ್-ಕಲಬುರಗಿ ರೈಲೂ ಇದೆ, ಬಾಡಿಗೆದಾರರಿಗೆ ಬರವಿಲ್ಲ ಅನ್ನೋದು ಅವರ ಲೆಕ್ಕ. ಬರ ಇರಲಿಲ್ಲ ನಿಜ. ಬಾಡಿಗೆದಾರರು ಸಿಕ್ಕರು, ಬಾಡಿಗೆ ಸಿಗಲಿಲ್ಲ!

ತಿಂಗಳಿಗೆ 3,500 ರೂಪಾಯಿ. ಅವ್ವನ ಶುಗರ್ ಮಾತ್ರೆ, ಕಿರಾಣಿ ಎಲ್ಲಾ ಅದರಲ್ಲೇ. ನಾಲ್ಕು ತಿಂಗಳಿಂದ ಬಂದಿಲ್ಲ. ಅಪ್ಪ ಬಸ್ಸಲ್ಲಿ ಸುಮಾರು 30 ಕಿ.ಮೀ. ಹೋಗುತ್ತಾರೆ, ಅವರು ಕೊಟ್ಟ ಚಹಾ ಕುಡಿಯುತ್ತಾರೆ, ಬರಿಗೈಯಲ್ಲಿ ವಾಪಸ್ ಬರುತ್ತಾರೆ. ನಾನು ರೇಗಿದರೆ, "ಬಾಡಿಗಿ ಕೇಳೋದಂದ್ರ ಭಿಕ್ಷಾ ಬೇಡಿದಂಗ ಅನಸ್ತದ ತಮ್ಮಾ" ಅಂದರು.

ಬೀಗ ಹಾಕೇ ಬಿಡ್ತೀನಿ ಅಂತ ಹೊರಟೆ. ವಕೀಲನಾಗಿರೋ ಗೆಳೆಯ ಫೋನಿನಲ್ಲೇ ತಡೆದ. "ಕರಾರು ಪತ್ರ ಇದೆಯಾ?" ಇಲ್ಲ. "ಹಾಗಾದ್ರೆ ಅದು ತಿಂಗಳ ಬಾಡಿಗೆ. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಕೊಡು. ಬಿಡದಿದ್ರೆ ಕೋರ್ಟು. ನೀನೇ ಬೀಗ ಹಾಕಿದ್ರೆ ಕೇಸು ನಿನ್ನ ಮೇಲೇ. ಅಂದಹಾಗೆ ನಿನಗಿನ್ನೂ ಮದುವೆ ಆಗಿಲ್ಲ ಅಲ್ವಾ? ನಿನ್ನ ಮಗನ ಮದುವೆ ಹೊತ್ತಿಗೆ ತೀರ್ಪು ಬರುತ್ತೆ." :)

ಹುಮನಾಬಾದಿನಲ್ಲಿ ಬಾಗಿಲು ತೆಗೆದದ್ದು ಆ ಮನೆಯಾಕೆ. ಗಂಡ ಕಾರ್ಖಾನೆಗೆ ಹೋಗಿದ್ದ. ನಾನು ಬಾಯಿ ತೆರೆಯುವ ಮೊದಲೇ ಕರೆಂಟ್ ಬಿಲ್ಲುಗಳನ್ನು ಮುಂದಿಟ್ಟರು.

"ಅಣ್ಣಾ, ಓಣಿಯೊಳಗ ಎಲ್ಲಾರಿಗೂ ಸೊನ್ನೆ ಬಿಲ್ ಬರ್ತದ. ನಮಗ ಅಷ್ಟೇ ರೊಕ್ಕ ಕಟ್ಟ್ರಿ ಅಂತಾರ. ಮಾಸ್ತರರಿಗಿ ನಾಕು ಸಲ ಹೇಳೀನಿ."

ಕೂತು ನೋಡಿದಾಗ ಗೊತ್ತಾಯ್ತು. ಗೃಹಜ್ಯೋತಿ 2023ರಲ್ಲಿ ಶುರುವಾದಾಗ ಹಳೇ ಬಾಡಿಗೆದಾರ ತನ್ನ ಆಧಾರ್ ಜೋಡಿಸಿದ್ದ. ಮನೆ ಬಿಟ್ಟಾಗ ಹೊಸ ಮನೆಗೆ ಬೇಕೆಂದು ಅದನ್ನು ಬಿಡಿಸಿಕೊಂಡು ಹೋದ. 2024ರಿಂದ ಅದಕ್ಕೆ ಅವಕಾಶ ಇದೆ, ಅವನದೇನೂ ತಪ್ಪಿಲ್ಲ. ಹೊಸಬರು ಅರ್ಜಿ ಹಾಕಬೇಕಾದರೆ ಈ ಮನೆಯಲ್ಲಿ ಬಾಡಿಗೆಗಿದ್ದೇವೆ ಅನ್ನೋದಕ್ಕೆ ದಾಖಲೆ ಬೇಕು, ಅಂದರೆ ಕರಾರು ಪತ್ರ. ಅಪ್ಪ ಮಾಡಿಸಿರಲಿಲ್ಲ. ಕಾಗದ ಕೇಳೋದು ಅಂದರೆ ಎದುರಿನವರನ್ನು ನಂಬಲಿಲ್ಲ ಅಂತ ಅರ್ಥ ಅನ್ನೋದು ಅವರ ನಂಬಿಕೆ.

ಗಂಡನಿಗೆ ಎರಡು ತಿಂಗಳು ಕೆಲಸ ಇರಲಿಲ್ಲವಂತೆ, ಅದೂ ನಿಜವಿರಬಹುದು. ಆದರೆ ಬಾಡಿಗೆ ನಿಲ್ಲಿಸುವ ಧೈರ್ಯ ಬಂದದ್ದು ಆ ಬಿಲ್ಲುಗಳಿಂದ. ಕೇಳುವ ಬಾಯಿ ಅಪ್ಪನಿಗೆ ಇರಲಿಲ್ಲ, ಕೊಡುವ ಮನಸ್ಸು ಅವರಿಗೆ ಉಳಿಯಲಿಲ್ಲ.

ಮರುದಿನವೇ ಛಾಪಾ ಕಾಗದದ ಮೇಲೆ 11 ತಿಂಗಳ ಕರಾರು ಮಾಡಿಸಿದೆವು (ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರೂ 11 ಅನ್ನೋದು). ಅವರ ಆಧಾರ್ ಜೋಡಿಸಲು ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿದೆ. ಬಾಕಿ 14,000. ಅವರು ಕಟ್ಟಿದ ಬಿಲ್ಲು 1,800 ಕಳೆಯಲು ಹೇಳಿದ್ದು ಅಪ್ಪನೇ. ಉಳಿದ 12,200ರಲ್ಲಿ ಎರಡು ಕಂತು ಬಂದಿವೆ. ಮೂರನೆಯದು ಬರುತ್ತೋ ಇಲ್ಲವೋ ಗೊತ್ತಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಬೆಂಗಳೂರಿನ ಮನೆ ನೆನಪಾಯ್ತು. ಅಲ್ಲಿ ನಾನೂ ಬಾಡಿಗೆದಾರ. ಹೋದ ವರ್ಷ ಮನೆ ಬಿಟ್ಟಾಗ ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆ ಮುರಿದುಕೊಂಡ ಓನರನ್ನು ಎಷ್ಟು ಬೈದಿದ್ದೆ! ಆ ಕರಾರು ಪತ್ರವನ್ನು ಓದದೇ ಸಹಿ ಹಾಕಿದ್ದೆ ಅನ್ನೋದು ಈಗ ನೆನಪಾಗುತ್ತಿದೆ.

ಸಹಿ ಹಾಕುವಾಗ ಅಪ್ಪನ ಕೈ ಸ್ವಲ್ಪ ನಡುಗಿತು. ಅವರು ಆಮೇಲೆ ಕೇಳಿದ್ದು ಒಂದೇ ಮಾತು: "ಇನ್ನ ಮ್ಯಾಲ ಅವರ ಮನಿಯಾಗ ಚಹಾ ಕುಡೀಬಹುದೇನೋ?"

ನನಗೆ ಉತ್ತರ ಹೊಳೆಯಲಿಲ್ಲ. ನಿಮ್ಮಲ್ಲಿ ಮನೆ ಬಾಡಿಗೆಗೆ ಕೊಟ್ಟವರಿದ್ದರೆ ಹೇಳಿ, ನೀವೇನಂತೀರಿ?